ಐದನೇ ಮಹಡಿಯ ಭಾಷೆ

ನಮ್ಮ ಚಿಕ್ಕಮ್ಮನನ್ನು ಮನೆಮಂದಿಯೆಲ್ಲ ಗಾಲಿ ಎಂದು ಕರೆಯುತ್ತಿದ್ದರು. ಒಂದು ಕಡೆ ಕೂತು ಗೊತ್ತಿಲ್ಲದ ಹೆಂಗಸು. ಯಾರಾದರೂ ಬಸ್ಸು ಹತ್ತುವ ಸುದ್ದಿ ಕಿವಿಗೆ ಬಿದ್ದರೆ ಸಾಕು, ಎಲ್ಲಿಗೆ, ಯಾಕೆ ಎಂದು ಕೇಳುವುದಕ್ಕೂ ಮುಂಚೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. "ಇವಳನ್ನ ಹಲ್ಲು ಕೀಳಿಸೋಕೆ ಕರ್ಕೊಂಡು ಹೋದ್ರೂ ಟೂರಿಗೆ ಹೊರಟೋಳ ಹಾಗೆ ತಲೆ ಬಾಚ್ಕೊಂಡು ಬರ್ತಾಳೆ" ಎಂದು ಅವಳ ಅಕ್ಕ, ಅಂದರೆ ನಮ್ಮಮ್ಮ, ಆಡಿಕೊಳ್ಳುತ್ತಿದ್ದಳು. ಚಿಕ್ಕಪ್ಪ ಇದಕ್ಕೆ ತದ್ವಿರುದ್ಧ. ಅವನ ಸೈಕಲ್ ರಿಪೇರಿ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಊರಿನವರ ಸೈಕಲ್ಲುಗಳೆಲ್ಲ ಓಡಾಡುವ ಹಾಗೆ ಮಾಡಿ ತಾನು ಮಾತ್ರ ಕೂತಲ್ಲಿಂದ ಅಲ್ಲಾಡದವನು.

ಚಿಕ್ಕಮ್ಮ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದಳು. ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಊಟ ಮಾಡಿಸುವುದು, ಹಟ ಮಾಡುವವರನ್ನು ನಗಿಸಿ ಮಾತ್ರೆ ನುಂಗಿಸುವುದು. ಅದನ್ನು ನಡೆಸುತ್ತಿದ್ದ ಡಾಕ್ಟರಿಗೆ ವಯಸ್ಸಾಗಿ ಬಾಗಿಲು ಹಾಕಿದಾಗ ಅವಳು ಮನೆಯಲ್ಲಿ ಕೂರಬೇಕಾಯಿತು. ಕೂತವಳು ಚಿಕ್ಕಪ್ಪನ ತಲೆ ತಿನ್ನತೊಡಗಿದಳು. ಹಾಗಿರುವಾಗ ಒಬ್ಬ ಏಜೆಂಟ್ ಬಂದ. ವಿದೇಶದಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ.

"ಒಂದೇ ಮನೆ, ಒಬ್ಬರೇ ಅಜ್ಜಿ. ಎರಡು ವರ್ಷ ಹೀಗಂದ್ರೆ ಹೀಗೆ ಕಳೆದುಹೋಗುತ್ತೆ ಅಮ್ಮ" ಎಂದ.

"ವಿಮಾನದಲ್ಲಿ ಕಿಟಕಿ ಪಕ್ಕ ಸಿಗುತ್ತಾ?" ಎಂದು ಚಿಕ್ಕಮ್ಮ ಕೇಳಿದಳು.

ಅವಳ ಮಗಳು ಆಗ ಹೈಸ್ಕೂಲಿಗೆ ಕಾಲಿಟ್ಟಿದ್ದಳು. ನಾನಿದ್ದೇನಲ್ಲ, ನೋಡಿಕೊಳ್ಳುತ್ತೇನೆ ಎಂದು ನಮ್ಮಮ್ಮ ಮಾತು ಕೊಟ್ಟಳು. ಚಿಕ್ಕಪ್ಪ ಒಂದು ಟ್ಯೂಬಿಗೆ ಪಂಕ್ಚರ್ ಹಾಕುತ್ತ, ತಲೆ ಎತ್ತದೆ, "ಹೋಗಿ ಬಾ. ಇಲ್ಲಿದ್ರೂ ನನ್ನನ್ನ ಬದುಕೋಕೆ ಬಿಡಲ್ಲ" ಎಂದ. ವಿಮಾನದಲ್ಲಿ ಕಿಟಕಿ ಪಕ್ಕ ಸಿಗಲಿಲ್ಲ. ನಡುವಿನ ಸೀಟು, ಎರಡೂ ಕಡೆ ದಪ್ಪ ಗಂಡಸರು.

ಅಜ್ಜಿಯ ಮನೆ ಐದನೇ ಮಹಡಿಯಲ್ಲಿತ್ತು. ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಒತ್ತಿಕೊಳ್ಳಬೇಕಾದ ಉದ್ದನೆಯ ನಡುಹಾದಿ, ಅದರ ಆಚೆ ಈಚೆ ಎರಡು ಕೋಣೆ, ಕೊನೆಯಲ್ಲಿ ಅಡುಗೆಮನೆ. ಅಡುಗೆಮನೆಯ ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಪೈಪುಗಳು, ಗೋಡೆಗೆ ಹತ್ತಿದ ಪಾಚಿ. ಅಜ್ಜಿಯ ಕೋಣೆಯ ಕಿಟಕಿ ಮಾತ್ರ ಬೀದಿಗೆ ತೆರೆಯುತ್ತಿತ್ತು. ಅದಕ್ಕೂ ಕಬ್ಬಿಣದ ಸರಳು.

ಅಜ್ಜಿ ಸಣ್ಣ ಆಕೃತಿ. ಹಲ್ಲು ಒಂದೂ ಇರಲಿಲ್ಲ, ಕಟ್ಟಿಸಿದ ಹಲ್ಲನ್ನು ಹಾಕಿಕೊಳ್ಳಲು ಒಪ್ಪುತ್ತಿರಲಿಲ್ಲ. ಮರೆವಿನ ಕಾಯಿಲೆ. ಒಬ್ಬಳೇ ಮಗಳು, ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಚಿಕ್ಕಮ್ಮ ಅವಳನ್ನು ಮೇಡಂ ಎನ್ನುತ್ತಿದ್ದಳು. ಇಬ್ಬರ ನಡುವೆ ಮಾತು ಅಂದರೆ ನರ್ಸಿಂಗ್ ಹೋಮಿನಲ್ಲಿ ಕಿವಿಗೆ ಬಿದ್ದ ನಾಲ್ಕು ಇಂಗ್ಲಿಷ್ ಪದ, ಮೇಡಂಗೆ ಬರುತ್ತಿದ್ದ ಇನ್ನು ನಾಲ್ಕು. "ಅಮ್ಮ ಫುಡ್? ಅಮ್ಮ ಟ್ಯಾಬ್ಲೆಟ್? ಗುಡ್." ಅಷ್ಟೇ.

ಮೇಡಂ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಹೊರಗಿನಿಂದ ಬಾಗಿಲಿಗೆ ಬೀಗ ಹಾಕಿಕೊಂಡು ಹೋಗುತ್ತಿದ್ದಳು. ಮೊದಲ ದಿನ ಕೀಲಿ ತಿರುಗಿದ ಸದ್ದು ಕೇಳಿ ಚಿಕ್ಕಮ್ಮ ಓಡಿಬಂದಳು. ಮರೆತು ಹಾಕಿರಬೇಕು ಎಂದುಕೊಂಡು ಬಾಗಿಲು ಬಡಿದಳು. ಮೇಡಂ ತಿರುಗಿ ಬಂದು ಕೈಸನ್ನೆಯಲ್ಲಿ, ಅರೆಬರೆ ಇಂಗ್ಲಿಷಿನಲ್ಲಿ ತಿಳಿಸಿದಳು. ಹಿಂದೆ ಇದ್ದ ಕೆಲಸದವಳು ಮಧ್ಯಾಹ್ನ ಮಲಗಿದಾಗ ಅಜ್ಜಿ ನೈಟಿಯಲ್ಲೇ ಹೊರಗೆ ಹೋಗಿ, ಬಸ್ ಸ್ಟಾಪಿನಲ್ಲಿ ಸಿಕ್ಕಿದ್ದಳಂತೆ. ಅದಕ್ಕೇ ಬೀಗ. ಇನ್ನೊಂದು ಕೀಲಿ ಇಲ್ಲವೇ ಎಂದು ಚಿಕ್ಕಮ್ಮ ಬೆರಳು ತಿರುಗಿಸಿ ಕೇಳಿದಳು. ಮೇಡಂ ಅರ್ಥವಾಗದವಳ ಹಾಗೆ ಗಡಿಯಾರ ನೋಡಿಕೊಂಡು ಮೆಟ್ಟಿಲಿಳಿದಳು.

ಬೀಗ ಅಜ್ಜಿಗೆ. ಆದರೆ ಅದರೊಳಗೆ ಇಬ್ಬರೂ.

ಸಾಮಾನನ್ನು ಮೇಡಂ ತಾನೇ ತಂದು ಹಾಕುತ್ತಿದ್ದಳು. ಹೊರಗೆ ಹೋಗುವುದೆಂದರೆ ಆಸ್ಪತ್ರೆಗೆ; ಟ್ಯಾಕ್ಸಿಯಲ್ಲಿ ಹೋಗಿ ಟ್ಯಾಕ್ಸಿಯಲ್ಲಿ ವಾಪಸು. ಮೇಡಂಗೆ ರಜೆ ಇದ್ದ ದಿನ ಬಟ್ಟೆ ಒಣಗಿಸಲು ತಾರಸಿಗೆ ಬಿಡುತ್ತಿದ್ದಳು. ಅಲ್ಲಿಂದ ಊರು ಪೂರ್ತಿ ಕಾಣುತ್ತಿತ್ತು. ಸೇತುವೆ, ಅದರ ಮೇಲೆ ಸಾಲುಗಟ್ಟಿದ ಬಸ್ಸುಗಳು, ದೂರದಲ್ಲಿ ರೈಲು ತಿರುವು ತೆಗೆದುಕೊಳ್ಳುವ ಜಾಗ. "ಒಂದು ಬೆಡ್‌ಶೀಟ್ ಒಣಗಿಸೋಕೆ ನಾನು ಎಷ್ಟು ಹೊತ್ತು ತಗೋತಿದ್ದೆ ಗೊತ್ತೇನೆ? ಮೇಡಂ ಇವಳೇನು ಬೆಡ್‌ಶೀಟಿಗೆ ಇಸ್ತ್ರಿನೂ ಮಾಡ್ತಿದಾಳಾ ಅಂದ್ಕೊಂಡಿರ್ಬೇಕು" ಎಂದು ಮುಂದೆ ನನ್ನ ಹತ್ತಿರ ಹೇಳಿ ನಕ್ಕಳು. ಆಗ ನಗು ಬಂದಿರಲಿಲ್ಲ. ಕೆಳಗೆ ಬಂದು ಬಾಗಿಲು ಮುಚ್ಚಿದ ಮೇಲೆ ಉಸಿರು ಅರ್ಧಕ್ಕೇ ನಿಂತ ಹಾಗಾಗುತ್ತಿತ್ತಂತೆ. ನಡುಹಾದಿಯಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಳು, ಅಜ್ಜಿಯನ್ನೂ ಕೈಹಿಡಿದು ನಡೆಸುತ್ತಿದ್ದಳು. ಬಾಗಿಲ ತನಕ ಹೋಗುವುದು, ಅಜ್ಜಿ ಹಿಡಿಕೆ ಅಲ್ಲಾಡಿಸುವುದು, ತಿರುಗುವುದು.

ಅಜ್ಜಿ ಮಾತಿನ ಮಲ್ಲಿ. ಮಗಳು ಇದ್ದಾಗ ಗೋಡೆ ನೋಡುತ್ತ ಕೂತಿರುತ್ತಿದ್ದವಳು, ಮಗಳು ಹೋದ ಮೇಲೆ ಶುರುಮಾಡಿದರೆ ನಿಲ್ಲಿಸುತ್ತಿರಲಿಲ್ಲ. ಚಿಕ್ಕಮ್ಮನಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಆದರೆ ಒಂದು ದಿನ ಅವಳಿಗೆ ಒಂದು ಯೋಚನೆ ಬಂತು. ಇಲ್ಲಿಯ ಭಾಷೆ ಕಲಿತುಬಿಟ್ಟರೆ, ಮೇಡಂ ಹತ್ತಿರ ಸರಿಯಾಗಿ ಮಾತಾಡಿ ಒಂದು ಕೀಲಿ ಕೇಳಬಹುದು. ವಾರಕ್ಕೊಮ್ಮೆ ಒಬ್ಬಳೇ ಬೀದಿಗಿಳಿಯಬಹುದು, ಬಸ್ಸು ಹತ್ತಬಹುದು, ಆ ಸೇತುವೆಯ ಆಚೆ ಏನಿದೆ ಎಂದು ನೋಡಿಕೊಂಡು ಬರಬಹುದು. ಕಲಿಸುವವಳು ಎದುರಿಗೇ ಕೂತಿದ್ದಾಳೆ, ಬೇರೆ ಕೆಲಸ ಇಲ್ಲ.

ಹಾಗೆ ಪಾಠ ಆರಂಭವಾಯಿತು. ಲೋಟ ತೋರಿಸಿದರೆ ಅಜ್ಜಿ ನೀರಿಗೆ ಒಂದು ಪದ ಹೇಳುತ್ತಿದ್ದಳು, ಗುಟುಕು ನುಂಗಿದ ಹಾಗೆ ಕೇಳಿಸುವ ಪದ. ಚಿಕ್ಕಮ್ಮ ಅದನ್ನೇ ಹೇಳುತ್ತಿದ್ದಳು. ಸರಿಬಂದರೆ ಅಜ್ಜಿ ಕೆನ್ನೆ ತಟ್ಟುತ್ತಿದ್ದಳು, ತಪ್ಪಿದರೆ ತೊಡೆ ಚಿವುಟುತ್ತಿದ್ದಳು. "ನಮ್ಮ ಮೇಷ್ಟ್ರು ಹೀಗೆ ಚಿವುಟಿದ್ರೆ ನಾನು ಎಸ್ಸೆಸ್ಸೆಲ್ಸಿ ಪಾಸಾಗ್ತಿದ್ದೆ" ಎಂದು ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದಳು. ನೀರು, ಬ್ರೆಡ್ಡು, ಕಿಟಕಿ, ಬಾ, ಕೂರು, ನೋವು, ಬಿಸಿ. ಆಮೇಲೆ ಪದಕ್ಕೆ ಪದ ಅಂಟಿಕೊಂಡು ಮಾತಾಯಿತು. ಒಂದು ವರ್ಷ ಕಳೆಯುವಷ್ಟರಲ್ಲಿ ಇಬ್ಬರೂ ಆರಾಮಾಗಿ ಹರಟುತ್ತಿದ್ದರು. ಅಜ್ಜಿಯ ಊರು, ಬೆಟ್ಟದ ಕೆಳಗಿನ ಹೊಳೆ, ಒಂದು ತುಂಟ ಕತ್ತೆ, ಮಾತೇ ಆಡದ ಒಬ್ಬ ಗಂಡ. ದಿನವೂ ಸಂಜೆಯಾಗುತ್ತಲೇ ಅಜ್ಜಿ ಚಪ್ಪಲಿ ಹುಡುಕುತ್ತಿದ್ದಳು.

"ನಡಿ, ಮನೆಗೆ ಹೋಗೋಣ."

"ಬೀಗ ಹಾಕಿದೆ ಅಜ್ಜಿ. ನಾಳೆ ಹೋಗೋಣ."

"ನಿನಗೂ ಹೋಗ್ಬೇಕಾ?"

"ಹೂಂ, ನನಗೂ."

"ಹಾಗಾದ್ರೆ ಜೊತೆಗೆ ಹೋಗೋಣ."

ಮೇಡಂ ಮುಂದೆ ಒಂದು ಸಲ ಚಿಕ್ಕಮ್ಮ ತನ್ನ ವಿದ್ಯೆ ತೋರಿಸಲು ಹೋಗಿದ್ದಳು. ಬೆಳಿಗ್ಗೆ ಎದುರಾದಾಗ ಅಜ್ಜಿ ಕಲಿಸಿದ ಹಾಗೆ "ನಿದ್ದೆ ಚೆನ್ನಾಗಿ ಬಂತಾ?" ಎಂದಳು. ಮೇಡಂ ಏನೂ ತಿಳಿಯದೆ ಕಣ್ಣುಕಣ್ಣು ಬಿಟ್ಟು, ನಕ್ಕು, ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದಳು. ತನ್ನ ಉಚ್ಚಾರಣೆ ಅಷ್ಟು ಕೆಟ್ಟದಾಗಿದೆ ಎಂದು ಚಿಕ್ಕಮ್ಮನಿಗೆ ನಾಚಿಕೆಯಾಯಿತು. ಪೂರ್ತಿ ಕಲಿಯುವ ತನಕ ಇವಳ ಮುಂದೆ ಬಾಯಿ ಬಿಡಬಾರದು ಎಂದುಕೊಂಡಳು. ಮೇಡಂ ಫೋನಿನಲ್ಲಿ ಮಾತಾಡುವಾಗ ಒಂದು ಪದವೂ ಹಿಡಿಗೆ ಸಿಗುತ್ತಿರಲಿಲ್ಲ. ಅದಕ್ಕೂ ಅವಳೇ ಸಮಾಧಾನ ಹೇಳಿಕೊಂಡಳು: ಅಜ್ಜಿ ಮಾತು ಎತ್ತಿನ ಗಾಡಿ, ಮಗಳ ಮಾತು ರೈಲು. ಮನೆಯಲ್ಲಿ ಟಿವಿ ಇರಲಿಲ್ಲ. ಅದರೊಳಗಿನವರು ತನ್ನನ್ನು ಬೈಯುತ್ತಾರೆಂದು ಅಜ್ಜಿ ಹೆದರುತ್ತಿದ್ದುದರಿಂದ ತೆಗೆಸಿಹಾಕಿದ್ದರು.

ಎರಡನೇ ವರ್ಷ ಮುಗಿಯುತ್ತ ಬಂದಾಗ, ಒಂದು ಬೆಳಿಗ್ಗೆ ಅಜ್ಜಿ ಬಚ್ಚಲುಮನೆಯಲ್ಲಿ ಜಾರಿಬಿದ್ದಳು. ಟವೆಲ್ ತರಲು ಚಿಕ್ಕಮ್ಮ ಈಚೆ ಬಂದದ್ದೇ ತಡ, ಧೊಪ್ಪೆಂದು ಸದ್ದು. ಓಡಿಹೋಗಿ ನೋಡಿದರೆ ಹಣೆ ಒಡೆದು ರಕ್ತ, ಒಂದು ಕಾಲು ಸೊಟ್ಟಗೆ ಮಡಚಿಕೊಂಡಿದೆ. ಕಾಲನ್ನು ಮುಟ್ಟಬಾರದೆಂದು ಅವಳಿಗೆ ಗೊತ್ತಿತ್ತು. ಹಣೆಗೆ ಬಟ್ಟೆ ಒತ್ತಿ, ತಲೆಯ ಕೆಳಗೆ ಟವೆಲ್ ಇಟ್ಟು, ಫೋನಿಗೆ ಓಡಿದಳು. ಮೇಡಂ ಎತ್ತಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳ ಕಣ್ಣು ಪರೀಕ್ಷೆ ಮಾಡುವಾಗ ಅವಳು ಫೋನನ್ನು ಡ್ರಾಯರಿನಲ್ಲಿ ಇಡುತ್ತಿದ್ದಳು. ಬಾಗಿಲು ಬಡಿದಳು, ಒದ್ದಳು. ಆ ಹೊತ್ತಿನಲ್ಲಿ ಆ ಮಹಡಿಯಲ್ಲಿ ಯಾರೂ ಇರುತ್ತಿರಲಿಲ್ಲ. ಕೊನೆಗೆ ಅಜ್ಜಿಯ ಕೋಣೆಯ ಕಿಟಕಿಗೆ ಬಂದು ಸರಳು ಹಿಡಿದುಕೊಂಡು, ಎರಡು ವರ್ಷ ಕಲಿತ ಮಾತನ್ನೆಲ್ಲ ಗಂಟಲಿಗೆ ತಂದುಕೊಂಡು ಬೀದಿಗೆ ಕೂಗಿದಳು.

"ಬನ್ನಿ! ಅಜ್ಜಿ ಬಿದ್ದಿದಾಳೆ! ರಕ್ತ! ಬಾಗಿಲಿಗೆ ಬೀಗ ಹಾಕಿದೆ, ಯಾರಾದ್ರೂ ಬನ್ನಿ!"

ಕೆಳಗೆ ನಡೆಯುತ್ತಿದ್ದವರು ತಲೆ ಎತ್ತಿ ನೋಡಿದರು. ಒಬ್ಬ ಹೆಂಗಸು ನಿಂತಳು, ಹಣೆಗೆ ಕೈಯಿಟ್ಟು ದಿಟ್ಟಿಸಿದಳು, ಭುಜ ಕುಣಿಸಿ ಹೋದಳು. ಇಬ್ಬರು ಕಾಲೇಜು ಹುಡುಗಿಯರು ನಕ್ಕರು. ಅಂಗಡಿಯವನೊಬ್ಬ ಹೊರಗೆ ಬಂದು ಏನೋ ಕೇಳಿದ. ಅವನ ಮಾತಿನಲ್ಲಿ ಒಂದು ಅಕ್ಷರವೂ ಚಿಕ್ಕಮ್ಮನಿಗೆ ತಿಳಿಯಲಿಲ್ಲ, ಇವಳದ್ದು ಅವನಿಗೆ ತಿಳಿಯಲಿಲ್ಲ. ಇನ್ನೂ ಜೋರಾಗಿ, ಇನ್ನೂ ನಿಧಾನವಾಗಿ ಕೂಗಿದಳು. ಅವನು ಕೈ ಬೀಸಿ ಒಳಗೆ ಹೋಗಿಬಿಟ್ಟ. "ಆಗ ನನಗೆ ಅನ್ನಿಸಿದ್ದು ಒಂದೇ" ಎಂದಳು ಚಿಕ್ಕಮ್ಮ ನನಗೆ. "ನಾನು ಸತ್ತೇ ಹೋಗಿದೀನಿ. ಅದಕ್ಕೇ ಯಾರಿಗೂ ಕೇಳಿಸ್ತಿಲ್ಲ. ನನ್ನ ಕೈಕಾಲೇ ನನಗೆ ತಣ್ಣಗಾಗಿಬಿಟ್ವು."

ಎದುರು ಫುಟ್‌ಪಾತಿನಲ್ಲಿ, ಮರದ ಬುಡದಲ್ಲಿ, ಬೂಟು ರಿಪೇರಿ ಮಾಡುವ ಒಬ್ಬ ಮುದುಕ ಕೂರುತ್ತಿದ್ದ. ಅವನು ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನು ಅಂಗೈಗೆ ಉಗಿದು ಎದ್ದು ನಿಂತ. ರಸ್ತೆ ನಡುವಿನ ತನಕ ಬಂದ.

"ಯಾವ ಅಜ್ಜಿ? ಎಷ್ಟನೇ ಮಹಡಿ?" ಎಂದ. ಅದೇ ಭಾಷೆಯಲ್ಲಿ. ನೀರಿಗೆ ಗುಟುಕು ನುಂಗಿದ ಹಾಗೆ ಹೇಳುವ ಆ ಭಾಷೆಯಲ್ಲಿ.

ಅಜ್ಜಿಯ ಬಾಯಿ ಬಿಟ್ಟು ಇನ್ನೊಂದು ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಚಿಕ್ಕಮ್ಮ ಅಳುತ್ತಲೇ ಎಲ್ಲ ಹೇಳಿದಳು. ಅವನು ಅಂಗಡಿಯವನನ್ನು, ಇನ್ನಿಬ್ಬರನ್ನು ಕೂಡಿಸಿಕೊಂಡು ಮೇಲೆ ಬಂದ. ಬೀಗ ಒಡೆದರು. ಆಂಬುಲೆನ್ಸ್ ಬಂತು. ಯಾರೋ ಕನ್ನಡಕದ ಅಂಗಡಿಗೇ ಓಡಿ ಮೇಡಂಗೆ ಸುದ್ದಿ ಮುಟ್ಟಿಸಿದರು.

ಆಸ್ಪತ್ರೆಯಲ್ಲಿ ಕಾಲಿಗೆ ರಾಡು ಹಾಕಿದರು, ಹಣೆಗೆ ಹೊಲಿಗೆ. ಸಂಜೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಮೂವರು ಕೂತಿದ್ದರು: ಮೇಡಂ, ಚಿಕ್ಕಮ್ಮ, ಬೂಟು ರಿಪೇರಿಯವನು. ಅವನು ಎರಡೂ ಭಾಷೆ ಬಲ್ಲವನು. ಚಿಕ್ಕಮ್ಮನತ್ತ ತಿರುಗಿ ಕೇಳಿದ:

"ತಂಗಿ, ಗಡಿಯಾಚೆ ಬೆಟ್ಟದ ಸೀಮೆಯ ನಮ್ಮ ಮಾತು ನಿನಗೆ ಹೇಗೆ ಬಂತು? ಅದೂ ಹಲ್ಲಿಲ್ಲದ ಮುದುಕಿ ಆಡಿದ ಹಾಗೆ ಆಡ್ತೀಯಲ್ಲ?"

"ಬೆಟ್ಟದ ಸೀಮೆಯ ಮಾತಾ? ಇದು ಇಲ್ಲಿಯ ಮಾತಲ್ವಾ?"

"ಇಲ್ಲೆಲ್ಲಿ? ಈ ಊರಲ್ಲಿ ಇದನ್ನ ಆಡೋರು ಹತ್ತಿಪ್ಪತ್ತು ಜನ ಸಿಕ್ಕಿದ್ರೆ ಹೆಚ್ಚು."

ಎರಡು ವರ್ಷ ಚಿವುಟಿಸಿಕೊಂಡು ಕಲಿತದ್ದು ಈ ದೇಶದ ಭಾಷೆಯೇ ಅಲ್ಲ. ಮೊದಲು ಚಿಕ್ಕಮ್ಮನಿಗೆ ನಗು ಬಂತು, ತಡೆಯಲಾಗದಷ್ಟು. ಆಸ್ಪತ್ರೆಯ ಮೆಟ್ಟಿಲು ಎಂಬುದನ್ನೂ ಮರೆತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಸೇತುವೆ ಕಣ್ಣಿಗೆ ಬಂತು, ಸಾಲುಗಟ್ಟಿದ ಬಸ್ಸುಗಳು ಬಂದವು, ಯಾವ ಕಂಡಕ್ಟರಿಗೂ ತನ್ನ ಮಾತು ತಿಳಿಯುವುದಿಲ್ಲ ಎಂಬುದು ಹೊಳೆಯಿತು, ಅಳು ಬಂತು.

ಮೇಡಂ ಏನಾಯಿತೆಂದು ಕೇಳಿದಳು. ಮುದುಕ ಅವಳಿಗೆ ಅವಳ ಭಾಷೆಯಲ್ಲಿ ಬಿಡಿಸಿ ಹೇಳಿದ. ಅಮ್ಮ ಆಚೆ ಸೀಮೆಯಿಂದ ಮದುವೆಯಾಗಿ ಬಂದವಳು ಎಂದಷ್ಟೇ ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಆ ಮಾತು ಆಡಬಾರದೆಂದು ಅವಳ ಅಪ್ಪ ಕಟ್ಟು ಮಾಡಿದ್ದನಂತೆ. ಹೀಗಾಗಿ ಮಗಳು ಅದನ್ನು ಕೇಳಿಯೇ ಇರಲಿಲ್ಲ. ಮರೆವು ಬಂದು, ಆಮೇಲೆ ಕಲಿತ ಭಾಷೆ ಅಜ್ಜಿಯ ನಾಲಿಗೆಯಿಂದ ಒಂದೊಂದೇ ಪದವಾಗಿ ಉದುರಿಹೋದಾಗ, ಉಳಿದದ್ದನ್ನು ಮಗಳು ಬಡಬಡಿಕೆ ಎಂದುಕೊಂಡಿದ್ದಳು. ಡಾಕ್ಟರೂ ಹಾಗೆಂದೇ ಹೇಳಿದ್ದರು. ಏನೂ ಗೊತ್ತಿಲ್ಲದೆ ಬಂದ ಚಿಕ್ಕಮ್ಮನಿಗೆ ಮಾತ್ರ ಅದು ಭಾಷೆಯ ಹಾಗೆ ಕೇಳಿಸಿತ್ತು.

"ಅಮ್ಮ ದಿನವಿಡೀ ಏನು ಹೇಳ್ತಾಳೆ ಅಂತ ಕೇಳ್ತಿದಾರೆ" ಎಂದ ಮುದುಕ.

ಚಿಕ್ಕಮ್ಮ ಕತ್ತೆಯ ಕಥೆ ಹೇಳಿದಳು, ಹೊಳೆಯ ಕಥೆ ಹೇಳಿದಳು. ಅಲ್ಲಿಗೆ ಬಿಡಬಹುದಿತ್ತು. ಆದರೆ ಎರಡು ವರ್ಷದ ಸಿಟ್ಟೂ ಒಳಗೆ ಇತ್ತಲ್ಲ, ಇನ್ನೊಂದನ್ನೂ ಹೇಳಿಬಿಟ್ಟಳು. "ನಿಮ್ಮ ವಿಷಯನೂ ಕೇಳ್ತಾರೆ. ಆ ಹೆಂಗಸು ಒಳ್ಳೆಯವಳ ಹಾಗೆ ಕಾಣ್ತಾಳೆ, ಮತ್ತೆ ಯಾಕೆ ನಮಗೆ ಬೀಗ ಹಾಕ್ತಾಳೆ ಅಂತ."

ಮೇಡಂ ಎದ್ದು ಹೋಗಿ ಆಸ್ಪತ್ರೆಯ ಗೇಟಿನ ಹತ್ತಿರ ಬೆನ್ನು ಮಾಡಿ ನಿಂತಳು.

ಮಾರನೆಯ ವಾರ ಬಾಗಿಲಿಗೆ ಹೊಸ ಬೀಗ ಬಂತು. ಅದರ ಒಂದು ಕೀಲಿ ಚಿಕ್ಕಮ್ಮನ ಕೈಗೂ ಬಂತು.

ಇನ್ನು ಸುಖ ಎಂದು ನಾವೆಲ್ಲ ಅಂದುಕೊಂಡೆವು. ಅಂದುಕೊಂಡದ್ದೇ ಬೇರೆ, ಆದದ್ದೇ ಬೇರೆ. ಮೊದಲ ದಿನ ಕೀಲಿ ಹಿಡಿದು ಬೀದಿಗಿಳಿದವಳು ಮೂಲೆಯ ಅಂಗಡಿಯ ತನಕ ಹೋಗಿ ತಿರುಗಿ ಬಂದಳು. ಬಸ್ಸಿನ ಬೋರ್ಡು ಓದಲು ಬರುವುದಿಲ್ಲ, ಕೇಳಲು ಮಾತಿಲ್ಲ. ಹಿಂದಿರುಗುವಷ್ಟರಲ್ಲಿ ಹಾಸಿಗೆಯಲ್ಲಿದ್ದ ಅಜ್ಜಿ ಚಿಕ್ಕಮ್ಮನನ್ನು ಕರೆದು ಕರೆದು ಗಂಟಲು ಕಟ್ಟಿಸಿಕೊಂಡಿದ್ದಳು. ಅಜ್ಜಿ ಕರೆಯುತ್ತಿದ್ದ ಆ ಪದಕ್ಕೆ 'ಏ ಇವಳೇ' ಎಂದು ಅರ್ಥವೆಂದು ಚಿಕ್ಕಮ್ಮ ತಿಳಿದಿದ್ದಳು. 'ತಂಗಿ' ಎಂದು ಬೂಟು ರಿಪೇರಿಯವನು ತಿದ್ದಿದ. ಅದು ತಿಳಿದ ಮೇಲೆ ಅಂಗಡಿಗೆ ಹೋದಾಗಲೂ ಕಾಲು ಮನೆಯ ಕಡೆಗೇ ಎಳೆಯುತ್ತಿತ್ತು.

ಎರಡು ವರ್ಷ ತುಂಬಿತು. ಚಿಕ್ಕಮ್ಮ ಊರಿಗೆ ಹೋಗುವ ಮಾತೆತ್ತಿದಳು. ಮೇಡಂ ಕೈಮುಗಿಯುವುದೊಂದು ಬಾಕಿ. ಅಮ್ಮನ ಕಾಲು ಕೂಡಿಬರಲಿ ಎಂದಳು. ಕಾಲು ಕೂಡಿಬಂತು. ಚಳಿ ಕಳೆಯಲಿ ಎಂದಳು. ಚಳಿ ಕಳೆಯಿತು. ಸಂಬಳ ಹೆಚ್ಚಾಯಿತು, ಹೊಸ ರಗ್ಗು ಬಂತು, ಅಡುಗೆಮನೆಗೆ ಚಿಕ್ಕಮ್ಮನಿಗೆಂದೇ ಒಂದು ಮೆತ್ತನೆಯ ಕುರ್ಚಿ ಬಂತು. ಬಂದ ದಿನವೇ ಮೇಡಂ ಇಸಿದುಕೊಂಡು ಇಟ್ಟಿದ್ದ ಪಾಸ್‌ಪೋರ್ಟು ಮಾತ್ರ ಅವಳ ಬೀರುವಿನಿಂದ ಹೊರಗೆ ಬರಲಿಲ್ಲ. "ಬೈದು ಕೂಡಿಹಾಕಿದ್ರೆ ಬೈದು ಬಿಡಿಸ್ಕೊಂಡು ಬರಬಹುದಿತ್ತು ಅಕ್ಕ" ಎಂದು ನಮ್ಮಮ್ಮನಿಗೆ ಫೋನಿನಲ್ಲಿ ಹೇಳಿದಳು. "ಕಾಲು ಹಿಡ್ಕೊಂಡು ಕೂಡಿಹಾಕಿದ್ರೆ ಏನು ಮಾಡ್ಲಿ?"

ಇತ್ತ ಅವಳ ಮಗಳು ಫೋನಿನಲ್ಲಿ ಹೂಂ, ಉಹೂಂ ಬಿಟ್ಟು ಮಾತಾಡುತ್ತಿರಲಿಲ್ಲ. ಏನು ತಿಂದೆ ಅಂದರೆ "ಊಟ." ಶಾಲೆಯಲ್ಲಿ ಏನು ಅಂದರೆ "ಪಾಠ." ಒಂದು ದಿನ ಚಿಕ್ಕಮ್ಮ ರೇಗಿದಳು, "ಒಂದೊಂದೇ ಪದ ಕೊಡ್ತೀಯಲ್ಲೇ, ಅಮ್ಮ ಅಂದ್ರೆ ಟೆಲಿಗ್ರಾಂ ಆಫೀಸಾ?" ಆ ಕಡೆ ಫೋನು ಚಿಕ್ಕಪ್ಪನ ಕೈಗೆ ಹೋಯಿತು. "ಅವಳಿಗೆ ಅಭ್ಯಾಸ ತಪ್ಪಿದೆ, ಬಿಡು" ಎಂದ ಅವನು. ಅಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

ಆವತ್ತೇ ಚಿಕ್ಕಮ್ಮ ಒಂದು ನಿರ್ಧಾರಕ್ಕೆ ಬಂದಳು. ಅಜ್ಜಿಯ ಮಾತನ್ನು ಮೇಡಂಗೆ ಕಲಿಸಿಬಿಡುವುದು. ಅವಳ ನಾಲಿಗೆ ತಯಾರಾದರೆ ತನ್ನ ಕಾಲು ಬಿಡುಗಡೆ.

ರಾತ್ರಿಯೂಟಕ್ಕೆ ಮುಂಚೆ ಅಡುಗೆಮನೆಯ ಮೇಜಿನಲ್ಲಿ ಪಾಠ. ಮೇಡಂ ಮೊದಮೊದಲು ಉತ್ಸಾಹದಿಂದಲೇ ಕೂತಳು. ಅವಳು ಅಮ್ಮನಿಗೆ ಮೊದಲ ಸಲ "ನೀರು ಬೇಕಾ?" ಎಂದು ಅಮ್ಮನ ಮಾತಿನಲ್ಲಿ ಕೇಳಿದ ದಿನ ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದಳು. ಅಜ್ಜಿ ಮಗಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಚಿಕ್ಕಮ್ಮನತ್ತ ತಿರುಗಿ, "ಈ ಹೆಂಗಸಿಗೆ ನಮ್ಮ ಮಾತು ಬರುತ್ತೆ ಕಣೇ! ಪಾಪ, ಸರಿಯಾಗಿ ಬರಲ್ಲ" ಎಂದಳು. ಅಮ್ಮನ ಮಾತು ಅಷ್ಟು ನೇರವಾಗಿ ಅರ್ಥವಾದದ್ದು ಮೇಡಂಗೂ ಅದೇ ಮೊದಲು. ನಗಬೇಕೋ ಅಳಬೇಕೋ ತಿಳಿಯದೆ ಲೋಟ ಹಿಡಿದು ನಿಂತಳು.

ಆದರೆ ದಿನ ಕಳೆದಂತೆ ಪಾಠ ಮುಂದಕ್ಕೆ ಹೋಗಲೊಲ್ಲದು. ಇವತ್ತು ಹೇಳಿಕೊಟ್ಟ ಪದ ನಾಳೆ ಮರೆತಿರುತ್ತಿತ್ತು. "ತಲೆಗೆ ಹತ್ತಲ್ಲ, ಸುಸ್ತು" ಎಂದು ಮೇಡಂ ಹಣೆ ಒತ್ತಿಕೊಳ್ಳುತ್ತಿದ್ದಳು. ಚಿಕ್ಕಮ್ಮನಿಗೆ ಜೀವ ಹೋಗುತ್ತಿತ್ತು. ಅಜ್ಜಿಯ ಹಾಗೆ ತೊಡೆ ಚಿವುಟಿದರೆ ಹೇಗೆ ಎಂದೂ ಅನ್ನಿಸಿತಂತೆ. ಸಂಬಳ ಕೊಡುವವಳು ಎಂದು ಕೈ ಹಿಂತೆಗೆದಳು. ಹೀಗೆ ಇನ್ನೊಂದು ಚಳಿಗಾಲ ಬಂತು.

ಒಂದು ರಜೆಯ ದಿನ ಚಿಕ್ಕಮ್ಮ ಬ್ರೆಡ್ಡು ತರಲು ಹೋದವಳು, ಅಂಗಡಿ ಮುಚ್ಚಿದ್ದರಿಂದ ಬೇಗ ಹಿಂದಿರುಗಿದಳು. ಕೀಲಿ ತಿರುಗಿಸಿ ಒಳಗೆ ಬಂದರೆ ಅಜ್ಜಿಯ ಕೋಣೆಯಿಂದ ಎರಡು ದನಿ. ಅಜ್ಜಿ ಕತ್ತೆಯ ಕಥೆ ಹೇಳುತ್ತಿದ್ದಳು. ಮೇಡಂ ಮಧ್ಯೆ ಮಧ್ಯೆ ಕೇಳುತ್ತಿದ್ದಳು: ಆಮೇಲೆ ಏನಾಯಿತು, ಹೊಳೆ ದಾಟಿತಾ, ನಿಮ್ಮಪ್ಪ ಹೊಡೆದರಾ? ತಡವರಿಕೆ ಇಲ್ಲ, ಹುಡುಕಾಟ ಇಲ್ಲ. ಚಿಕ್ಕಮ್ಮನಿಗೆ ಗೊತ್ತಿಲ್ಲದ ಪದಗಳೂ ಇದ್ದವು. ಬೂಟು ರಿಪೇರಿಯವನ ಹತ್ತಿರ ಬೇರೆ ಹೋಗಿ ಕಲಿಯುತ್ತಿದ್ದಳೆಂದು ಆಮೇಲೆ ತಿಳಿಯಿತು.

ಚಿಕ್ಕಮ್ಮ ನಡುಹಾದಿಯಲ್ಲಿ ಗೋಡೆಗೆ ಒರಗಿ ನಿಂತಳು. ಮೇಡಂ ಹೊರಗೆ ಬಂದವಳು ಅವಳನ್ನು ಕಂಡು ಕಲ್ಲಾದಳು.

"ನಿನಗೆ ಬರುತ್ತೆ" ಎಂದಳು ಚಿಕ್ಕಮ್ಮ.

ಇಲ್ಲೊಂದು ವಿಷಯ ಹೇಳಬೇಕು. ಅಷ್ಟು ಹೊತ್ತಿಗೆ ಅವರಿಬ್ಬರೂ ಅರೆಬರೆ ಇಂಗ್ಲಿಷ್ ಬಿಟ್ಟು, ಪಾಠದಲ್ಲಿ ಬಂದ ನಾಲ್ಕಾರು ಪದ ಜೋಡಿಸಿಕೊಂಡು ಅಜ್ಜಿಯ ಭಾಷೆಯಲ್ಲೇ ಮಾತಾಡತೊಡಗಿದ್ದರು. ಇಬ್ಬರಿಗೂ ಸೇರಿ ಅದೊಂದೇ ಉಳಿದಿತ್ತು. ಆ ಭಾಷೆಯಲ್ಲಿ ಗೌರವದ ಮಾತು ಚಿಕ್ಕಮ್ಮನಿಗೆ ಬರುತ್ತಲೇ ಇರಲಿಲ್ಲ. ಕಲಿಸಿದವಳು ಏಕವಚನದಲ್ಲಿ ಕಲಿಸಿದ್ದಳು. ಹೀಗಾಗಿ ಮೇಡಂಗೂ 'ನೀನು'.

"ಎಷ್ಟು ದಿನದಿಂದ ಬರುತ್ತೆ?"

ಮೇಡಂ ಕೋಣೆಯ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು.

"ನನ್ನ ಮಗಳು ನನ್ನ ಹತ್ತಿರ ಮಾತಾಡೋದು ಬಿಟ್ಟಿದಾಳೆ. ನಾನಿಲ್ಲಿ ನಿನಗೆ ನಿನ್ನ ಅಮ್ಮನ ಮಾತು ಕಲಿಸ್ತಾ ಕೂತಿದೀನಿ. ನೀನು ಕಲಿತೂ ಕಲೀದವಳ ಹಾಗೆ ನಾಟಕ ಆಡ್ತೀಯಾ? ಕೀಲಿ ಕೊಟ್ಟೆ ಅಂತ ಖುಷಿಪಟ್ಟೆ ನಾನು! ಒಂದು ಬೀಗ ತೆಗೆದು ಇನ್ನೊಂದು ಹಾಕಿದೀಯ."

"ನೀನು ಹೋದ್ರೆ ಈ ಮನೇಲಿ ನಾನೊಬ್ಬಳೇ" ಎಂದಳು ಮೇಡಂ. "ಅವಳು ನನ್ನನ್ನ ಯಾರು ಅಂತ ಕೇಳ್ತಾಳೆ. ದಿನಾ ಕೇಳ್ತಾಳೆ. ಮುಂಚೆ ಅರ್ಥ ಆಗ್ತಿರ್ಲಿಲ್ಲ, ಚೆನ್ನಾಗಿತ್ತು. ಈಗ ಅರ್ಥ ಆಗುತ್ತೆ. ಒಬ್ಬಳೇ ಕೂತು ಅದನ್ನ ಹೇಗೆ ಕೇಳಿಸ್ಕೊಳ್ಳಲಿ?"

"ನಾನು ಮೂರು ವರ್ಷ ಕೇಳಿಸ್ಕೊಂಡಿಲ್ವಾ?"

"ನಿನ್ನ ಅಮ್ಮ ಅಲ್ವಲ್ಲ ಅವಳು!"

ದನಿ ಏರಿತ್ತು. ಒಳಗಿನಿಂದ ಅಜ್ಜಿ ಕೂಗಿದಳು, "ಯಾರೇ ಅದು ಜಗಳ ಆಡ್ತಿರೋದು? ನೆರೆಯವರು ಕೇಳಿಸ್ಕೋತಾರೆ, ಒಳಗೆ ಬನ್ನಿ!" ಇಬ್ಬರೂ ತಪ್ಪು ಮಾಡಿದ ಮಕ್ಕಳ ಹಾಗೆ ಬಾಯಿ ಮುಚ್ಚಿಕೊಂಡರು. ಚಿಕ್ಕಮ್ಮ ಅಡುಗೆಮನೆಗೆ ಹೋಗಿ ಆ ಮೆತ್ತನೆಯ ಕುರ್ಚಿಯನ್ನು ನಡುಹಾದಿಗೆ ತಂದಿಟ್ಟು, ತಾನು ಅಡುಗೆಮನೆಯ ನೆಲದ ಮೇಲೆ ಕೂತಳು. ಆವತ್ತು ಮಾತಿಲ್ಲ. ಮಾರನೆಯ ದಿನವೂ ಇಲ್ಲ. ಅಜ್ಜಿಯ ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ಕಡಿಮೆ ಮಾಡಲಿಲ್ಲ. ಮೇಡಂ ಬಂದರೆ ಮಾತ್ರ ಎದ್ದು ತಾರಸಿಗೆ ಹೋಗಿಬಿಡುತ್ತಿದ್ದಳು. ಚಳಿಯಲ್ಲಿ ಒಣಗಿಸಲು ಬಟ್ಟೆಯೂ ಇಲ್ಲದೆ ಸುಮ್ಮನೆ ನಿಲ್ಲುತ್ತಿದ್ದಳು.

ಮೇಡಂ ಒಂದು ಸಂಜೆ ಅಲ್ಲಿಗೇ ಬಂದಳು. ಕೋಟಿನ ಒಳಜೇಬಿನಿಂದ ಪಾಸ್‌ಪೋರ್ಟ್ ತೆಗೆದು ಕೈಗಿತ್ತಳು. ಕ್ಷಮಿಸು ಎನ್ನುವುದಕ್ಕೆ ಆ ಭಾಷೆಯಲ್ಲಿ ಏನನ್ನುತ್ತಾರೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಅಜ್ಜಿ ಯಾವತ್ತೂ ಯಾರಿಗೂ ಹಾಗೆ ಹೇಳಿದವಳಲ್ಲ.

"ಟಿಕೆಟ್ ಮಾಡಿಸ್ತೀನಿ" ಎಂದಳು ಮೇಡಂ.

"ಬದಲಿ ಹೆಂಗಸು ಸಿಗೋ ತನಕ ಇರ್ತೀನಿ. ಅದಕ್ಕಿಂತ ಒಂದು ದಿನ ಹೆಚ್ಚು ಇರಲ್ಲ."

ಬದಲಿಗೆ ಬಂದವಳು ಇನ್ಯಾವುದೋ ದೇಶದವಳು, ಎಳೆಯ ವಯಸ್ಸು, ಮುಖದಲ್ಲಿ ಗಾಬರಿ. ಬಂದ ದಿನವೇ ಚಿಕ್ಕಮ್ಮ ಅವಳ ಕೈ ಹಿಡಿದು ಬಾಗಿಲ ಹತ್ತಿರ ಕರೆದೊಯ್ದು ಕೀಲಿಯನ್ನು ಅವಳ ಅಂಗೈಯಲ್ಲಿ ಒತ್ತಿದಳು. ಹೊರಡುವ ಬೆಳಿಗ್ಗೆ ಅಜ್ಜಿಯ ಕಾಲ ಬಳಿ ಕೂತು ಊರಿಗೆ ಹೋಗ್ತೀನಿ ಎಂದಳು. ಅಜ್ಜಿ ಚಪ್ಪಲಿಗೆ ಕೈಹಾಕಿದಳು. "ತಾಳು, ನಾನೂ ಬರ್ತೀನಿ. ಜೊತೆಗೆ ಅಂದಿದ್ವಲ್ಲ." ಚಿಕ್ಕಮ್ಮ ಬಾಗಿಲ ಕಡೆ ನೋಡಿದಳು. ಬಾಗಿಲು ತೆರೆದೇ ಇತ್ತು. ಮೇಡಂ ಅಮ್ಮನ ಪಕ್ಕ ಬಂದು ಕೂತು, "ಚಪ್ಪಲಿ ಹರಿದಿದೆ, ಹೊಲಿಸ್ಕೊಂಡು ಬರ್ತಾಳೆ, ಆಮೇಲೆ ಹೋಗೋಣ" ಎಂದಳು. ಅಜ್ಜಿ ಒಪ್ಪಿದಳು. ಬೇಗ ಬಾ ಎಂದಳು. ಆ ಸುಳ್ಳಿನ ಮರೆಯಲ್ಲಿ ಚಿಕ್ಕಮ್ಮ ಮೆಟ್ಟಿಲಿಳಿದಳು. ವಿಮಾನದಲ್ಲಿ ಎಲ್ಲಿ ಕೂತೆ, ಏನು ನೋಡಿದೆ ಎಂದು ನಾವು ಕೇಳಿದಾಗ, ನೆನಪಿಲ್ಲ ಎಂದಳು.

ಊರಿಗೆ ಬಂದವಳನ್ನು ಅವಳ ಮಗಳು ಮೊದಲ ಕೆಲವು ದಿನ 'ನೀವು' ಎಂದು ಕರೆದಳು. ಯಾರೂ ಹೇಳಿಕೊಟ್ಟದ್ದಲ್ಲ, ಹಾಗೇ ಬಾಯಿಗೆ ಬಂದದ್ದು. ಚಿಕ್ಕಮ್ಮ ಮುಖ ತಿರುಗಿಸಿಕೊಂಡು ಪಾತ್ರೆ ತೊಳೆಯುತ್ತಿದ್ದಳು. ಅದು ಹೋಗಲು ತಿಂಗಳುಗಳೇ ಬೇಕಾದವು. ಒಂದು ದಿನ ಪರೀಕ್ಷೆಯ ಸಿಟ್ಟಿನಲ್ಲಿ ಹುಡುಗಿ "ನಿನಗೇನೂ ಗೊತ್ತಾಗಲ್ಲ, ನೀನು ಸುಮ್ನಿರಮ್ಮ!" ಎಂದು ಕಿರುಚಿದಾಗ ಚಿಕ್ಕಪ್ಪ ಗದರಲು ಎದ್ದ. ಚಿಕ್ಕಮ್ಮ ಅವನನ್ನು ತಡೆದಳು. "ಬೈಲಿ ಬಿಡಿ. ಚೆನ್ನಾಗಿ ಬೈತಾಳೆ."

ಅಜ್ಜಿ ತೀರಿಕೊಂಡದ್ದು ಮುಂದಿನ ವರ್ಷ. ಮೇಡಂ ಫೋನ್ ಮಾಡಿದಾಗ ನಾನು ಅಲ್ಲೇ ಇದ್ದೆ. ಚಿಕ್ಕಮ್ಮನ ಬಾಯಲ್ಲಿ ಆ ಭಾಷೆಯನ್ನು ನಾನು ಕೇಳಿದ್ದು ಅದೊಂದೇ ಸಲ. ಕೆನ್ನೆ ಒಳಕ್ಕೆ ಎಳೆದುಕೊಂಡು, ತುಟಿ ಮಡಚಿ, ನಿಜವಾಗಿಯೂ ಹಲ್ಲಿಲ್ಲದವಳ ಹಾಗೆ ಮಾತಾಡಿದಳು. ಕೊನೆಯಲ್ಲಿ ಏನನ್ನೋ ಮೂರು ನಾಲ್ಕು ಸಲ ಕೇಳಿಸಿಕೊಂಡಳು, ತಾನೂ ಹೇಳಿ ನೋಡಿದಳು, ತಲೆ ಅಲ್ಲಾಡಿಸಿದಳು.

ಫೋನ್ ಇಟ್ಟ ಮೇಲೆ ನನಗೆ ಹೇಳಿದಳು. ಕೊನೆಗೆ ಅಜ್ಜಿ ಮಗಳ ಮುಖ ಸವರಿ ಒಂದು ಪದ ಹೇಳಿದಳಂತೆ. ಮೇಡಂಗೆ ಅರ್ಥವಾಗಲಿಲ್ಲ. ಬೂಟು ರಿಪೇರಿಯವನನ್ನು ಕೇಳಿದರೆ, ಹಲ್ಲಿಲ್ಲದ ಬಾಯಿ, ಅದೂ ಇರಬಹುದು ಇದೂ ಇರಬಹುದು ಎಂದು ಮೂರು ಅರ್ಥ ಹೇಳಿದನಂತೆ. ಮೂರೂ ಸರಿಕಾಣದೆ ಇವಳಿಗೆ ಫೋನ್ ಮಾಡಿದ್ದಳು.

"ನಿನಗೂ ಗೊತ್ತಾಗ್ಲಿಲ್ವಾ?" ಎಂದೆ.

"ಇಲ್ಲ ಕಣೇ. ನನ್ನ ಹತ್ತಿರ ಯಾವತ್ತೂ ಅಂದಿಲ್ಲ ಅದನ್ನ" ಎಂದಳು ಚಿಕ್ಕಮ್ಮ. "ಮಗಳಿಗೇ ಅಂತ ಇಟ್ಕೊಂಡಿದ್ಲೇನೋ" ಎಂದು ಹೇಳಿ, ಒಲೆಯ ಮೇಲಿಟ್ಟಿದ್ದ ಹಾಲು ನೋಡಲು ಎದ್ದುಹೋದಳು.